ದೇವೇಂದ್ರಪ್ಪನ ಬ್ಯಾನರ್

ಗದ್ವಾಲದ ಸನ್ಮಾನದಲ್ಲಿ ಹೂಗುಚ್ಛ ಕೊಟ್ಟವರಿಗೆ, ಅದನ್ನು ಶಿವಗಂಗಾ ಹಿಡಿಯುವುದಾದರೂ ಹೇಗೆ ಎಂಬ ಯೋಚನೆಯೇ ಬಂದಿರಲಿಲ್ಲ. ಅವಳ ಬಲಗೈಯಲ್ಲಿ ಹೆಬ್ಬೆರಳೊಂದು ಬಿಟ್ಟು ಉಳಿದವೆಲ್ಲ ಮೊಂಡು. ಹಿಮಕ್ಕೆ ಸತ್ತ ಬೆರಳುಗಳನ್ನು ಕಾಠ್ಮಂಡುವಿನ ಡಾಕ್ಟರು ಕತ್ತರಿಸಿ ತೆಗೆದಿದ್ದರು. ಹೂಗುಚ್ಛ ಜಾರಿ ಬಿತ್ತು. ಸಭೆ ಅದಕ್ಕೂ ಚಪ್ಪಾಳೆ ಹೊಡೆಯಿತು. ಹತ್ತು ಬೆರಳಿದ್ದವರಿಗೆ ಚಪ್ಪಾಳೆ ಹೊಡೆಯಲು ಏನು ಕಷ್ಟ!

ತೆಲುಗು ನಾಡಿನ ಅಂಚಿನ ನಾರಾಯಣಪೇಟೆಯ ಕನ್ನಡ ನೇಕಾರರ ಮನೆಯ ಹುಡುಗಿ ಅವಳು. ಅಪ್ಪನಿಲ್ಲ. ಅವ್ವ ವೀರಬಸಮ್ಮ ಸೀರೆ ನೇಯ್ದೇ ಸಾಕಿದವಳು. ಗುರುಕುಲ ಶಾಲೆಯಲ್ಲಿ ಬಂಡೆ ಹತ್ತುವುದನ್ನು ಕಲಿತ ಮೇಲೆ ಶಿವಗಂಗಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಂಟು ಸಾವಿರ ಮೀಟರಿನ ಶಿಖರದ ತುದಿಯಲ್ಲಿ ನಿಂತು ಒಮ್ಮೆ ಸುತ್ತ ನೋಡಬೇಕು, ಅಷ್ಟೇ ಅವಳ ಆಸೆ. ಆದರೆ ಅಂಥ ಆಸೆಯ ಖರ್ಚು ಹೊರುವವರು ಬೇಕಲ್ಲ? ಸೀರೆ ಅಂಗಡಿಯವರು ಬಂದರು, ಕೋಚಿಂಗ್ ಸೆಂಟರಿನವರು ಬಂದರು, ಒಬ್ಬ ಪುಢಾರಿ ಬಂದ, ಮಕ್ತಲದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ದೇವೇಂದ್ರಪ್ಪನೂ ಬಂದ. ಎಲ್ಲರದೂ ಒಂದೇ ಷರತ್ತು: ತುದಿಯಲ್ಲಿ ನಮ್ಮ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳಬೇಕು. ಉಳಿದವರು ಬಟ್ಟೆಯದು ಕೊಟ್ಟರೆ ದೇವೇಂದ್ರಪ್ಪ ಫ್ಲೆಕ್ಸಿನ ಮೇಲೆ ತನ್ನ ಮುಖ ಅಚ್ಚು ಹಾಕಿಸಿ ಕೊಟ್ಟ. ಬಟ್ಟೆಯ ಮೇಲೆ ಅವನ ಮುಖಕ್ಕೆ ಕಳೆ ಬರುವುದಿಲ್ಲವಂತೆ!

ಹೊರಡುವ ದಿನ ಅವ್ವನೂ ಒಂದು ಬಟ್ಟೆ ಕೊಟ್ಟಿದ್ದಳು. ಕರವಸ್ತ್ರಕ್ಕಿಂತ ಸ್ವಲ್ಪ ದೊಡ್ಡದು. ಅರಿಶಿನ ಬಣ್ಣದ ಮೈ, ಕೆಂಪು ಗೋಪುರದ ಅಂಚು, ತಾನೇ ನೇಯ್ದದ್ದು. ಗಾಳಿಗೆ ಹಾರಿಹೋದೀತೆಂದು ಮಡಚಿ, ನೂಲು ಸುತ್ತಿ, ಮಗ್ಗದಲ್ಲಿ ಕಡಿದ ಎಳೆಗೆ ಹಾಕುವ ಗಂಟನ್ನೇ ಹಾಕಿದ್ದಳು. ಉಗುರಿಲ್ಲದೆ ಅದು ಬಿಚ್ಚುವಂಥದ್ದಲ್ಲ.

ವೇದಿಕೆಯ ಮೇಲೆ ನಿರೂಪಕ ತೆಲುಗಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ. ಈ ಹೆಣ್ಣುಮಗಳು ಆ ಚಳಿಯಲ್ಲಿ ಗ್ಲೌಸು ಕಳಚಿ, ಬರಿಗೈಯಲ್ಲಿ ನಮ್ಮ ನೆಲದ ಬಾವುಟಗಳನ್ನು ಬಿಚ್ಚಿ ತೋರಿಸಿ, ಬೆರಳುಗಳನ್ನೇ ಕಾಣಿಕೆ ಕೊಟ್ಟು ಬಂದಳು ಎಂದ. ಮುಂದಿನ ಸಾಲಿನಲ್ಲಿದ್ದ ವೀರಬಸಮ್ಮನ ಕೈ ಬಾಯಿಗೆ ಹೋಯಿತು. ಥಂಡಿ ಹೊಡೆದು ಬೆರಳು ಹೋದವು ಎಂದಷ್ಟೇ ಮಗಳು ಮನೆಯಲ್ಲಿ ಹೇಳಿದ್ದಳು.

ವೇದಿಕೆಯ ಮೇಲೆ ಶಿವಗಂಗಾಳ ಪಕ್ಕದ ಕುರ್ಚಿಯಿಂದ ದೇವೇಂದ್ರಪ್ಪ ಮುಖ ಊದಿಸಿಕೊಂಡು ಬಗ್ಗಿದ. "ಶಿವಗಂಗಮ್ಮಾ, ಫೋಟೊದಾಗ ನನ್ನ ಮಾರಿ ಮ್ಯಾಲೆ ಮಡಿಕಿ ಬಿದ್ದೈತಲ್ಲ? ಅರ್ಧಾನ ಕಾಣ್ತೈತಿ."

"ಥಂಡಿಗೆ ಫ್ಲೆಕ್ಸ್ ಕಟಿಗಿ ಆಗಿತ್ತರಿ."

"ಹೋಗ್ಲಿ ಬಿಡು. ಮುಂದಿನ ಸಲ ಹೋದಾಗ ಚಲೋ ತಗಸು. ಖರ್ಚು ನಾ ನೋಡ್ಕೊಂತೀನಿ."

ಶಿವಗಂಗಾಳಿಗೆ ಮೈಯೆಲ್ಲ ಉರಿಯಿತು. ಆದರೆ 'ಮುಂದಿನ ಸಲ' ಎಂಬ ಮಾತಿಗೆ ಅವಳ ಮನಸ್ಸು ಎದ್ದು ಕೂತದ್ದೂ ನಿಜ. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು.

ತಿರುಗಿ ಬರುವ ಬಸ್ಸು ಜೂರಾಲ ಡ್ಯಾಮಿನ ರಸ್ತೆ ಹತ್ತಿತು. ವೀರಬಸಮ್ಮ ನೀರಿನ ಕಡೆ ಮುಖ ಮಾಡಿಯೇ ಕೇಳಿದಳು. "ಗಂಗೀ, ನಾ ಕೊಟ್ಟ ಬಟ್ಟಿ ಬಿಚ್ಚಾಕ ಹೋಗಿ ಬೆರಳು ಹೋದ್ವೇನು?"

ಮಗಳು ಸುಮ್ಮನಾದಳು. ಅವ್ವ ಅದನ್ನೇ ಹೌದೆಂದು ತಿಳಿದಳು.

"ಬಿಗಿಯಾಗಿ ಗಂಟು ಹಾಕಿದಾಕಿ ನಾನ. ಇನ್ನ ಮಗ್ಗಕ್ಕ ಕೂಡಂಗಿಲ್ಲ. ಈ ಕೈಲೆ ಒಂದ್ ಎಳಿ ಮುಟ್ಟಂಗಿಲ್ಲ."

ಅವ್ವ ಬಿಟ್ಟೆನೆಂದರೆ ಬಿಟ್ಟಂತೆಯೇ. ಗಂಡ ಸತ್ತಾಗ ಬಿಟ್ಟ ಚಹಾವನ್ನು ಇವತ್ತಿಗೂ ಮುಟ್ಟಿಲ್ಲ. ಈಗ ಮಗ್ಗವೂ ನಿಂತರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ?

ನಡೆದದ್ದು ಬೇರೆಯೇ. ತುದಿ ಮುಟ್ಟಿದಾಗ, ಊರವರ ಹೊರೆಯನ್ನು ಮೊದಲು ಇಳಿಸಿಬಿಡೋಣ, ಕೊನೆಗೆ ಅವ್ವನ ಬಟ್ಟೆ ಹಿಡಿದುಕೊಂಡು ನಿಧಾನವಾಗಿ ಸುತ್ತ ನೋಡೋಣ ಎಂದುಕೊಂಡಿದ್ದಳು. ಬಟ್ಟೆಯ ಬ್ಯಾನರುಗಳು ಗ್ಲೌಸಿನಲ್ಲೇ ಬಿಚ್ಚಿದವು. ಫ್ಲೆಕ್ಸು ಮಾತ್ರ ಸುರುಳಿಯಲ್ಲೇ ಹೆಪ್ಪುಗಟ್ಟಿತ್ತು. ಒಂದು ಗಳಿಗೆ ತಾನೇ ಎಂದು ಬಲಗೈಯ ಗ್ಲೌಸು ಕಳಚಿದಳು. ಜೊತೆಗಿದ್ದ ಶೆರ್ಪಾ ಪಾಸಾಂಗ್ ಬೇಡವೆಂದು ಕೂಗಿಕೊಂಡ. ದೇವೇಂದ್ರಪ್ಪನ ಮುಖ ಅರ್ಧ ತೆರೆದುಕೊಳ್ಳುವಷ್ಟರಲ್ಲಿ ಬೆರಳು ಬಿಳಿಚಿಕೊಂಡಿದ್ದವು. ಆಮೇಲೆ ಅವ್ವನ ಪೊಟ್ಟಣ ಹೊರತೆಗೆದಳು. ಬೆರಳು ಕಣ್ಣೆದುರಿಗೇ ಇದ್ದವು, ಅವಳ ಮಾತು ಕೇಳಲಿಲ್ಲ. ಗಾಳಿ ಏಳುತ್ತಿತ್ತು. ಪಾಸಾಂಗ್ ಅವಳ ಕೈಯನ್ನು ಗ್ಲೌಸಿಗೆ ತುರುಕಿ ಕೆಳಕ್ಕೆ ದಬ್ಬಿಕೊಂಡು ಹೊರಟ.

ಅವ್ವನಿಗೆ ಮಾತ್ರ, ನಿನ್ನ ಬಟ್ಟೆಯನ್ನೂ ಹಾರಿಸಿದೆ, ಫೋಟೊ ಸರಿಯಾಗಿ ಬರಲಿಲ್ಲ ಎಂದು ಸುಳ್ಳು ಹೇಳಿದ್ದಳು. ವೀರಬಸಮ್ಮ ಅದನ್ನು ಓಣಿಯವರಿಗೆಲ್ಲ ಹೇಳಿಕೊಂಡು ಹಿಗ್ಗಿದ್ದಳು. ಈಗ ನಿಜ ಹೇಳಿದರೆ ಆ ಹಿಗ್ಗು ಹೋಗುತ್ತದೆ, ಹೇಳದಿದ್ದರೆ ಮಗ್ಗ ಹೋಗುತ್ತದೆ. ಮಕ್ತಲ ದಾಟಿ ನಾರಾಯಣಪೇಟೆ ಬರುವವರೆಗೂ ಶಿವಗಂಗಾ ಇದನ್ನೇ ಅರೆಯುತ್ತ ಕೂತಿದ್ದಳು.

ಮನೆಗೆ ಬಂದವಳೇ ವೀರಬಸಮ್ಮ ಮಗ್ಗದ ಮೇಲೆ ಹಳೆಯ ಚಾದರ ಹೊದಿಸಿದಳು. ಅರ್ಧ ನೇಯ್ದ ಸೀರೆ ಮುಚ್ಚಿಹೋಯಿತು. ಅದನ್ನು ನೋಡಲಾರದೆ ಶಿವಗಂಗಾ ಬೆಟ್ಟಕ್ಕೆ ಒಯ್ದಿದ್ದ ಚೀಲದೊಳಗೆ ಎಡಗೈ ಹಾಕಿ, ಬಟ್ಟೆಯ ಪೊಟ್ಟಣ ತೆಗೆದು ಅವ್ವನ ಮಡಿಲಲ್ಲಿಟ್ಟಳು.

ವೀರಬಸಮ್ಮ ಅದನ್ನು ತಿರುಗಿಸಿ ನೋಡಿದಳು. ತನ್ನ ಕೈಯ ಗಂಟು ಅವಳಿಗೆ ಗೊತ್ತಾಗದೆ ಇರುತ್ತದೆಯೇ? "ಇದು ಬಿಚ್ಚೇ ಇಲ್ಲಲ್ಲ!"

"ಇಲ್ಲವ್ವಾ. ದೇವೇಂದ್ರಪ್ಪನ ಫ್ಲೆಕ್ಸ್ ಬಿಚ್ಚೂದ್ರಾಗ ಬೆರಳು ಸತ್ತಿದ್ವು. ನಿನ್ನ ಬಟ್ಟಿದೇನೂ ತಪ್ಪಿಲ್ಲ. ಮಗ್ಗ ಬಿಡಬ್ಯಾಡ."

ಅವ್ವನ ಎದೆ ಹಗುರಾದೀತೆಂದು ಅವಳು ಕಾದಳು. ವೀರಬಸಮ್ಮ ಮಗಳ ಮೊಂಡು ಬೆರಳುಗಳನ್ನು ಎತ್ತಿ ತನ್ನ ಮಡಿಲಿಗೆ ಎಳೆದುಕೊಂಡಳು.

"ನನ್ನ ಬಟ್ಟಿಗೆ ಹೋಗ್ಯಾವು ಅಂತ ಅಳಾಕತ್ತಿದ್ನಿ. ಹಂಗ ಅಳಾಕ ಬಿಟ್ಟಿದ್ರ ಚಲೋ ಇತ್ತು ಗಂಗೀ. ಆ ಗೊಬ್ಬರದಂಗಡಿಯವನ ಮಾರಿಗೆ ಹೋದ್ವಾ ನಿನ್ನ ಬೆರಳು?"

ವೀರಬಸಮ್ಮ ಉಗುರು ಹಾಕಿ ಗಂಟು ಬಿಚ್ಚಿದಳು. ಎಷ್ಟು ಸಲೀಸಾಗಿ ಬಿಚ್ಚಿತು! ಬಟ್ಟೆಯನ್ನು ಮೊಣಕಾಲ ಮೇಲೆ ಹರಡಿ ಮಡಿಕೆ ತೀಡಿದಳು. ಆಮೇಲೆ ಎದ್ದು ಮಗ್ಗದ ಮೇಲಿನ ಚಾದರ ಎಳೆದು ಹಾಕಿದಳು.

"ನಾಳಿಂದ ಕೂಡ್ತೀನಿ. ಕೂಡದ ಏನ್ ಮಾಡಾಕ ಆಗ್ತೈತಿ?" ಎಂದಳು. ಚಾದರ ಮಡಚಿಡುತ್ತ ಮತ್ತೆ ಕೇಳಿದಳು. "ಮ್ಯಾಲೆ ನಿಂತು ನೋಡಬೇಕಂತ ಅಲ್ಲೇನು ನೀ ಹೋಗಿದ್ದು? ಏನ್ ಕಾಣಿಸ್ತು? ಅದನ್ನರ ಹೇಳು."

ಶಿವಗಂಗಾ ನೆನಪಿನಲ್ಲಿ ತಡಕಾಡಿದಳು. ಹಿಮದ ಸಾಲು, ನೀಲಿ ಆಕಾಶ, ಮೋಡ ಎಲ್ಲವನ್ನೂ ಅವಳು ಆಮೇಲೆ ಆಸ್ಪತ್ರೆಯ ಮಂಚದ ಮೇಲೆ ಪಾಸಾಂಗನ ಫೋಟೊಗಳಲ್ಲಿ ನೋಡಿದ್ದಳು, ಬ್ಯಾನರುಗಳ ಹಿಂದೆ.

"ದೇವೇಂದ್ರಪ್ಪನ ಮಾರಿ ಅವ್ವಾ," ಎಂದಳು. "ಅದೂ ಅರ್ಧ."