ಬಾಣಂತಿ ಕೋಣೆಯ ಕೆಂಡ

ಬಟ್ಟೆ ಒಗೆಯುವುದೇನೋ ಆಗಿಹೋಗುತ್ತದೆ, ಒಣಗಿಸುವುದೇ ಕಷ್ಟ. ಪುಷ್ಯಮಾಸದಲ್ಲಿ ಮೋಡ ಕವಿದು ಜಿನುಗು ಹಿಡಿದರೆ, ಅದರಲ್ಲೂ ಮನೆಯಲ್ಲಿ ಎಳೆಗೂಸಿದ್ದರೆ, ಆ ಪಾಡು ಯಾವ ತಾಯಿಗೆ ಗೊತ್ತಿಲ್ಲ? ನಮ್ಮ ಮದ್ದೂರಿನ ಅಂಕಮ್ಮನಿಗೂ ಹೋದ ಚಳಿಗಾಲದಲ್ಲಿ ಅದೇ ಪಾಡು ಬಂತು.

ಮಗಳು ಚಿಕ್ಕನಂಜಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಮಗು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಬೆಳಗ್ಗೆ ಮಂಜು, ಮಧ್ಯಾಹ್ನ ಜಿನುಗು. ಹಗ್ಗದ ಮೇಲೆ ಹಾಕಿದ ಬಟ್ಟೆ ಸಂಜೆಗೂ ಹಸಿ ಹಸಿ. ಮಗುವಿಗೆ ಸುತ್ತಲು ಒಂದು ಒಣ ತುಂಡು ಸಿಗುತ್ತಿರಲಿಲ್ಲ.

ಅಂಕಮ್ಮನ ಗಂಡ ಮರಿಯಯ್ಯನಿಗೆ ಬಸ್ಸಿನ ಶೆಡ್ಡಿನಲ್ಲಿ ಕೂಲಿ. ಈ ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತವಲ್ಲ, ಆ ಇದ್ದಿಲು ತುಂಬುವುದು ಅವನ ಕೆಲಸ. ಉದುರಿದ ಚೂರುಗಳನ್ನು ಕೇಳಿಕೊಂಡು ಮನೆಗೆ ತರುತ್ತಿದ್ದ. ಅಂಕಮ್ಮ ಅಗ್ಗಿಷ್ಟಿಕೆಯಲ್ಲಿ ಅದನ್ನು ಕೆಂಡ ಮಾಡಿ ಬಾಣಂತಿ ಕೋಣೆಯಲ್ಲಿಟ್ಟಳು. ಮೇಲೆ ಬಿದಿರ ಕುಕ್ಕೆ ಬೋರಲು ಹಾಕಿ ಮಗುವಿನ ಬಟ್ಟೆ ಹರಡಿದಳು. ಥಂಡಿ ನುಗ್ಗದಂತೆ ಕಿಟಕಿಗೆ ಗೋಣಿತಾಟು ತುರುಕಿ, ಬಾಗಿಲ ಸಂದಿಗೆ ಹಳೇ ಸೀರೆ ಒತ್ತಿದಳು. ಕೋಣೆ ಬಿಸಿಯಾಯಿತು, ಬಟ್ಟೆ ಗರಿಗರಿ ಒಣಗಿತು.

ಮಗು ನೋಡಲು ಬಂದ ಪಕ್ಕದ ಮನೆ ಸುಲ್ತಾನ್ ಬೀ ಒಳಗೆ ಕಾಲಿಟ್ಟವಳೇ ನಿಂತುಬಿಟ್ಟಳು. ಅವಳ ಗಂಡ ಖಾಸಿಂ ಅದೇ ಶೆಡ್ಡಿನ ಮೆಕ್ಯಾನಿಕ್.

“ಅಕ್ಕಾ, ಎಲ್ಲಾ ಮುಚ್ಚಿ ಒಳಗೆ ಕೆಂಡ ಮಡಗ್ಬ್ಯಾಡ ಕಣಕ್ಕ. ಜೀವಕ್ಕೇ ಬತ್ತದೆ.”

“ಒಗೆ ಎಲ್ಲದೆ ಸುಲ್ತಾನಮ್ಮ? ಕಣ್ಣೂ ಉರಿಯಾಕಿಲ್ಲ. ಇದ್ಲು ಕಣಮ್ಮ ಇದು, ಹಸಿ ಸೌದೆ ಅಲ್ಲ.”

“ಒಗೆ ಆದ್ರೆ ಕೆಮ್ಕೊಂಡು ಎದ್ದೋಗ್ಬೋದು. ಇದು ಕಣ್ಗೂ ಕಾಣಾಕಿಲ್ಲ, ವಾಸ್ನೇನೂ ಬರಾಕಿಲ್ಲ. ನಮ್ಮನೆಯೋರು ಶೆಡ್ಡಿನ ಬಾಗ್ಲಾಕ್ಕೊಂಡು ಬಸ್ಸಿನ ಗ್ಯಾಸಿನ ಒಲೆ ರಿಪೇರಿ ಮಾಡ್ತಾ ಬಿದ್ದೋಗಿದ್ರು. ಈಚೆಗೆ ಎಳ್ದಾಕಿದ್ಮೇಲೆ ಉಸ್ರು ಬಂತು.”

“ಬಸ್ಸೇ ಬೇರೆ, ಮನೇನೇ ಬೇರೆ, ಬುಡು. ನಮ್ಮವ್ವ ನನ್ ಬಾಣ್ತನ ಎಲ್ಲಾನೂ ಕೆಂಡ ಮಡ್ಗೇ ಮಾಡಿದ್ದು. ನಾನೇನ್ ಸತ್ತೋದ್ನಾ?”

ಸುಲ್ತಾನ್ ಬೀ ಮುಖ ಸಣ್ಣಗೆ ಮಾಡಿಕೊಂಡು ಹೋದಳು.

ಮಾರನೆಯ ಬೆಳಗ್ಗೆ ಅಂಕಮ್ಮ ಎಣ್ಣೆ ನೀರು ಹಾಕಿ ಮಲಗಿಸುವಾಗ ಚಿಕ್ಕನಂಜಮ್ಮ ಅಂದಳು: “ಅವ್ವ, ತಲೆ ಸಿಡೀತದೆ ಕಣವ್ವ. ವಾಂತಿ ಬಂದಂಗಾಯ್ತದೆ.”

“ಥಂಡಿ ಆಗದೆ ಕಣ್ಮಗ. ಇನ್ನೊಂದೀಟು ಕೆಂಡ ಆಕ್ತೀನಿ, ಮಲಿಕ್ಕೊ.”

ಸ್ವಲ್ಪ ಹೊತ್ತಿಗೆ ಅಂಕಮ್ಮ ಇಣುಕಿ ನೋಡಿದಳು. ಮಗಳ ಕೆನ್ನೆ ಕೆಂಪಗಿತ್ತು. ಮಗು ಅಲುಗದೆ ಮಲಗಿತ್ತು. ಒಳ್ಳೆ ನಿದ್ದೆ ಎಂದುಕೊಂಡು ಬಾಗಿಲೆಳೆದು ಅಡುಗೆಗೆ ಹೋದಳು.

ಅನ್ನ, ಬಿಸಿ ಸಾರು ಹಿಡಿದು ಮತ್ತೆ ಬಂದಾಗ ಕೂಗಿದಳು. ಮಗಳು ಏಳಲಿಲ್ಲ. ತೋಳು ಹಿಡಿದೆತ್ತಿದಳು. ತೋಳು ಹಾಗೇ ಜಾರಿ ಬಿತ್ತು. ಕೆಂಡದ ಪಕ್ಕ ಮುದುರಿ ಮಲಗಿದ್ದ ಮನೆಯ ಬೆಕ್ಕು ಕಾಲು ಚಾಚಿ ಸೆಟೆದಿತ್ತು. ಸತ್ತಿತ್ತು.

ಅಂಕಮ್ಮನ ಕೈಯಿಂದ ತಟ್ಟೆ ಬಿತ್ತು.

“ಅಯ್ಯೋ, ನನ್ ಮಗೀಗೆ ಗಾಳಿ ಮೆಟ್ಕೊಂಡದೆ! ಗಾಳಿ ಮೆಟ್ಕೊಂಡದೆ!”

ಹಾಗೆ ಚೀರಿ ಅವಳು ಮಾಡಿದ್ದೇನು ಗೊತ್ತೆ? ಇನ್ನಷ್ಟು ಗಾಳಿ ಸೋಕದಿರಲೆಂದು ಬಾಗಿಲು ಹಾಕಿದಳು! ಅದೇ ಕೆಂಡಕ್ಕೆ ಮೆಣಸಿನಕಾಯಿ ಹಾಕಿ ದೃಷ್ಟಿ ತೆಗೆಯಲು ಹೊರಟಳು.

ಚೀರಾಟ ಕೇಳಿ ಓಡಿಬಂದ ಸುಲ್ತಾನ್ ಬೀ ಬಾಗಿಲು ತಳ್ಳಿದಳು. ಅಂಕಮ್ಮ ಅಡ್ಡ ನಿಂತಳು.

“ಬಾಗ್ಲು ತೆಗೀಬ್ಯಾಡ ಕಣೆ! ಹಸಿ ಬಾಣ್ತಿ!”

“ಗಾಳಿ ಮೆಟ್ಕೊಂಡಿಲ್ಲ ಕಣಕ್ಕ, ಗಾಳಿ ಇಲ್ದೆ ಸಾಯ್ತಾವ್ಳೆ! ಬುಡು ದಾರಿ!”

ಅವಳು ಅಂಕಮ್ಮನನ್ನು ನೂಕಿ ಒಳಹೊಕ್ಕು ಮೊದಲು ಮಗುವನ್ನು ಬಾಚಿಕೊಂಡು ಅಂಗಳಕ್ಕೆ ಓಡಿದಳು. ಮಗು ಒದ್ದೆ ಬಟ್ಟೆಯಂತೆ ಜೋತಾಡುತ್ತಿತ್ತು. ಅದನ್ನು ಹಿಂದೆಯೇ ಓಡಿಬಂದ ಅಂಕಮ್ಮನ ಕೈಗಿಟ್ಟು ಮತ್ತೆ ನುಗ್ಗಿದಳು. ಚಾಪೆಯ ಸಮೇತ ಚಿಕ್ಕನಂಜಮ್ಮನನ್ನು ಜಗಲಿಗೆ ಎಳೆದು ತಂದು, ಒಂದು ಮಗ್ಗುಲಿಗೆ ಹೊರಳಿಸಿ, ಕುಪ್ಪಸ ಸಡಿಲಿಸಿದಳು. ಸೇರಿದ ನೆರೆಯವರಲ್ಲಿ ಯಾರೋ ನೀರು ಕುಡಿಸಲು ಬಂದರು. “ಎಚ್ರ ಇಲ್ದೋರ್ಗೆ ನೀರು ಉಯ್ಬ್ಯಾಡಿ, ಸುತ್ತ ನಿಂತ್ಕೊಬ್ಯಾಡಿ. ಜಟಕಾ ಕರೀರಿ!” ಎಂದು ಗದರಿದಳು.

ಅಂಕಮ್ಮನಿಗೆ ಏನೂ ಕೇಳಿಸುತ್ತಿರಲಿಲ್ಲ. ಮೊಮ್ಮಗನ ಮುಖವನ್ನೇ ನೋಡುತ್ತ ಕಲ್ಲಾಗಿದ್ದಳು. ಬಹಳ ಹೊತ್ತಾದ ಮೇಲೆ, ಅವಳಿಗೆ ಹಾಗನ್ನಿಸಿತು, ಮಗು ಬಾಯಿ ತೆರೆದು ಕ್ಷೀಣವಾಗಿ ಅತ್ತಿತು. ಚಿಕ್ಕನಂಜಮ್ಮ ಕಣ್ಣು ಬಿಟ್ಟದ್ದು ಆಸ್ಪತ್ರೆಯಲ್ಲಿ. ಇನ್ನೊಂದಿಷ್ಟು ಹೊತ್ತು ಆ ಕೋಣೆಯಲ್ಲಿದ್ದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಅಂಕಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಆಡುತ್ತಿದ್ದಳು: “ಕೆಂಪಗಿದ್ಲು ಕಣಮ್ಮ. ಚೆಂದಾಗವ್ಳೆ ಅನ್ಕಂಡು ನಾನೇ ಬಾಗ್ಲು ಎಳ್ಕಂಡು ಓದೆ. ನಾನೇ ಎಳ್ಕಂಡು ಓದೆ.”

ಶೆಡ್ಡಿನಿಂದ ಖಾಸಿಂ ಜೊತೆ ಓಡಿಬಂದಿದ್ದ ಮರಿಯಯ್ಯ ಕೇಳಿದ: “ಅಲ್ಲ ಖಾಸಿಂ, ಇವ್ಳ ಅವ್ವನ ಕಾಲ್ದಲ್ಲಿ ಏನೂ ಆಗ್ಲಿಲ್ವಲ್ಲಪ್ಪ?”

“ಆಗ ಹುಲ್ಲಿನ ಮನೆ ಮರಿಯಣ್ಣ. ಸೂರಿನ ಸಂದೀಲೆಲ್ಲಾ ಗಾಳಿ ಆಡ್ತಿತ್ತು. ಈಗ ನೀವು ಹೆಂಚಿನ ಮನೆ ಮಾಡಿ, ಮೇಲೆ ಹಲಗೆ ಹೊಡ್ಸಿ, ಇದ್ದ ಕಿಂಡೀಗೂ ಗೋಣಿ ತುರ್ಕಿದ್ರಿ. ಮುಚ್ಚಿದ ಕ್ವಾಣೇಲಿ ಕೆಂಡ ಉರಿದ್ರೆ ವಿಷದ ಗ್ಯಾಸು ತುಂಬ್ಕೊಳ್ತದೆ. ಕೆನ್ನೆ ಕೆಂಪಾಗಿದ್ದೂ ಅದ್ರಿಂದ್ಲೇ.”

ಮನೆಗೆ ಬಂದವನೇ ಮರಿಯಯ್ಯ ಕಿಟಕಿಯ ಗೋಣಿತಾಟನ್ನು ಕಿತ್ತೆಸೆದ.

“ಅಂಗಾರೆ ಬಟ್ಟೆ ಎಂಗ್ ಒಣಗಿಸ್ಲಿ ಸುಲ್ತಾನಮ್ಮ? ಮಗೀನ ಎಂಗ್ ಬೆಚ್ಚಗಿಡ್ಲಿ?” ಅಂಕಮ್ಮ ಕೇಳಿದಳು.

“ಬಾ, ತೋರಿಸ್ತೀನಿ. ಕಾಸು ಖರ್ಚಿಲ್ಲ.”

ಹಿಂಡಿದ ಬಟ್ಟೆಯನ್ನು ಒಣ ಪಂಚೆಯೊಳಗೆ ಸುರುಳಿ ಸುತ್ತಿ, ಇಬ್ಬರೂ ಎರಡು ತುದಿ ಹಿಡಿದು ತಿರುಚಿದರು. ಅರ್ಧ ನೀರು ಪಂಚೆಗೇ ಹೋಯಿತು. ಆಮೇಲೆ ಅಡುಗೆ ಒಲೆಯಿಂದ ದೂರಕ್ಕೆ, ಕಿಡಿ ಹಾರದಷ್ಟು ಎತ್ತರಕ್ಕೆ ಬಿದಿರ ಗಳ ಕಟ್ಟಿ, ಒಂದಕ್ಕೊಂದು ತಾಗದಂತೆ ಹರವಿದರು. ಅಡುಗೆಮನೆಯ ಬಾಗಿಲು, ಗವಾಕ್ಷಿ ಎರಡೂ ತೆರೆದೇ ಇದ್ದವು. ಬಟ್ಟೆಯಲ್ಲಿ ಉಳಿದ ತೇವವನ್ನು ಬಿಸಿನೀರು ತುಂಬಿದ ಹಿತ್ತಾಳೆ ಚೊಂಬಿನ ತಳದಿಂದ ಇಸ್ತ್ರಿಯಂತೆ ಉಜ್ಜಿ ತೆಗೆದರು. ಖಾಸಿಂ ಗೋಣಿಚೀಲಕ್ಕೆ ಒಣಗಿದ ಭತ್ತದ ಹುಲ್ಲು ತುಂಬಿ ಬಾಯಿ ಹೊಲಿದುಕೊಟ್ಟ. ಅದರ ಮೇಲೆ ಚಾಪೆ, ಮೇಲೊಂದು ಕಂಬಳಿ. ಆಸ್ಪತ್ರೆಯಿಂದ ಮರಳಿದ ಮೇಲೆ ಮಗು ತಾಯಿಯ ಎದೆಗೆ ಅಂಟಿಕೊಂಡು ಸೆರಗಿನೊಳಗೆ ಮಲಗಿತು. ಕಿಟಕಿಯಿಂದ ಗಾಳಿ ನೇರ ಬೀಸದಂತೆ ಹಾಸಿಗೆಯನ್ನು ಮೂಲೆಗೆ ಸರಿಸಿದ್ದರು.

“ಬೆಚ್ಚಗದಾ ಮಗ?” ಅಂಕಮ್ಮ ಕೇಳಿದಳು.

“ಬೆಚ್ಚಗದೆ ಕಣವ್ವ. ತಲೆನೂ ನೋಯ್ತಿಲ್ಲ.”

ಆ ಮಾತು ಕೇಳಿ ಅಂಕಮ್ಮ ಗೋಡೆಗೊರಗಿ, ಅಂದಿನವರೆಗೂ ಬಾರದಿದ್ದ ಅಳುವನ್ನೆಲ್ಲ ಅತ್ತಳು.

ತಾಯಂದಿರೇ, ಅಣ್ಣಂದಿರೇ, ಹೊಗೆ ಕಾಣದಿದ್ದರೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಚಳಿ ಕಾಯಿಸಬೇಕೆಂದರೆ ಅಂಗಳದಲ್ಲಿ, ತೆರೆದ ಜಗಲಿಯಲ್ಲಿ ಕಾಯಿಸಿ. ಬೆಂಕಿಯಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಕರಿಕೆ, ಮಂಪರು ಬಂದರೆ ಥಂಡಿಯೆಂದು ಇನ್ನಷ್ಟು ಮುಚ್ಚಬೇಡಿ, ಹೊರಗೆ ಕರೆತನ್ನಿ, ಆಸ್ಪತ್ರೆಗೆ ಒಯ್ಯಿರಿ. ಇದನ್ನು ಕೇಳಿದ ಮೇಲೆ ಒಮ್ಮೆ ಮನೆಯೊಳಗೆ ಹೋಗಿ ನೋಡಿ: ಯಾರಾದರೂ ಮಲಗಿರುವ ಕೋಣೆಯಲ್ಲಿ ಕೆಂಡವಿದೆಯೆ? ಇದ್ದರೆ ಮೊದಲು ಬಾಗಿಲು ತೆರೆಯಿರಿ. ಮಿಕ್ಕ ಮಾತು ಆಮೇಲೆ.