ಚಿತ್ರದಲ್ಲಿ ಕಂಡವನೊಬ್ಬನೇ

ಓಡುವ ಕುದುರೆಯ ಚಿತ್ರ ತೆಗೆಯಲು ನನ್ನ ಸೊಸೆ ನುರ್ಜಮಾಲ್ ತನ್ನದೇ ಒಂದು ಕ್ರಮ ಇಟ್ಟುಕೊಂಡಿದ್ದಾಳೆ. ಎರಡು ಪಾದಗಳನ್ನೂ ನೆಲಕ್ಕೆ ಊರಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಸೊಂಟದಿಂದ ಮೇಲಷ್ಟೇ ತಿರುಗುತ್ತಾಳೆ. ಕುದುರೆ ಇನ್ನೂ ದೂರದಲ್ಲಿರುವಾಗಲೇ ಅವಳ ಕ್ಯಾಮೆರಾ ಅದನ್ನು ಹಿಡಿದುಕೊಳ್ಳುತ್ತದೆ. ಅದು ಎಷ್ಟು ಬೇಗ ಬರುತ್ತದೋ ಇವಳೂ ಅಷ್ಟೇ ಬೇಗ ತಿರುಗುತ್ತಾಳೆ. ನೇರ ಎದುರಿಗೆ ಬಂದಾಗ ಗುಂಡಿ ಒತ್ತುತ್ತಾಳೆ. ಒತ್ತಿದ ಮೇಲೂ ನಿಲ್ಲದೆ, ನೆಂಟರನ್ನು ಬೇಲಿಯವರೆಗೆ ಬಿಟ್ಟು ಬರುವ ಹಾಗೆ, ಕುದುರೆಯನ್ನು ಸ್ವಲ್ಪ ದೂರ ಕಳಿಸಿಕೊಟ್ಟು ಬರುತ್ತಾಳೆ. ಹಾಗೆ ತೆಗೆದ ಚಿತ್ರದಲ್ಲಿ ಓಡುವ ಕುದುರೆ ಕಲ್ಲಿನಲ್ಲಿ ಕಡೆದಷ್ಟು ಸ್ಪಷ್ಟವಾಗಿರುತ್ತದೆ. ಹಿಂದಿನ ಬೆಟ್ಟ, ಬೇಲಿ, ಜನ ಎಲ್ಲ ಕಲಸಿಹೋಗಿ ಅಡ್ಡ ಗೆರೆಗಳಾಗುತ್ತವೆ.

ಅವಳು ಮದುವೆಯಾಗಿ ಬಂದ ವರ್ಷ ನಾನು ಹಳದಿ ಶಾಲು ಹೊದ್ದು ಓಟ ನೋಡಲು ಹೋಗಿದ್ದೆ. ಆಮೇಲೆ ಚಿತ್ರದಲ್ಲಿ ಹುಡುಕಿದರೆ ನಾನಿದ್ದ ಜಾಗದಲ್ಲಿ ಒಂದು ಹಳದಿ ಪಟ್ಟೆ.

"ಇದೇನೇ, ಅತ್ತೇನ ಹಿಟ್ಟಿನ ಹಾಗೆ ಲಟ್ಟಿಸಿ ಹಾಕಿದ್ದೀಯ?"

"ನೀವು ಸುಮ್ನೆ ನಿಂತಿದ್ರಲ್ಲ ಅಪಾ, ಅದಕ್ಕೆ" ಎಂದು ನಕ್ಕಿದ್ದಳು. ಅಪಾ ಎಂದರೆ ನಮ್ಮಲ್ಲಿ ಅಮ್ಮ, ದೊಡ್ಡ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವಳು, ಕ್ಯಾಮೆರಾದ ವಿದ್ಯೆ ನನಗೆ ತಿಳಿಯದು. ಆದರೆ ಈ ಸುತ್ತಿನ ಕುದುರೆ ಸಾಕುವವರೆಲ್ಲ ಚಿತ್ರ ಬೇಕೆಂದರೆ ಅವಳ ಹತ್ತಿರವೇ ಬರುತ್ತಾರೆ. ಹಾಗಾಗಿ ಈ ಶರತ್ಕಾಲದ ಓಟದ ದಿನವೂ ಅವಳು ಎರಡನೇ ತಿರುವಿನಲ್ಲಿ ನಿಂತಿದ್ದಳು.

ಅಂದು ನಮ್ಮ ಕುದುರೆ ಕುಲಾ ಓಡುತ್ತಿತ್ತು. ಅದು ನನ್ನ ಮಗ ಮೆದೆರ್ ಮರಿಯಿಂದ ಸಾಕಿದ್ದು. ಸವಾರಿ ಮಾಡುತ್ತಿದ್ದವಳು ಎದುರುಮನೆಯ ತೊಕ್ತೊಸುನ್‌ನ ಮಗಳು ಬೆಗಾಯಿಮ್. ಇಲ್ಲಿ ಉದ್ದನೆಯ ಓಟಗಳಿಗೆ ಹಗುರವಾದ ಮಕ್ಕಳನ್ನೇ ಕೂರಿಸುತ್ತಾರೆ. ಆ ಹುಡುಗಿ ಗಾಳಿಯಷ್ಟು ಹಗುರ, ಮೊಂಡುತನದಲ್ಲಿ ಮಾತ್ರ ಭಾರ. ಕುಲಾನ ಹಿಂದೆಯೇ ನನ್ನ ಮೈದುನ ಕಾಮ್ಚಿಬೆಕ್‌ನ ಕಪ್ಪು ಕುದುರೆ ಬರುತ್ತಿತ್ತು. ನನ್ನ ಗಂಡ ತೀರಿಕೊಂಡ ಮೇಲೆ ಮೆದೆರ್‌ನನ್ನು ಜೀನಿನ ಮೇಲೆ ಕೂರಿಸಿ ಬೆಳೆಸಿದವನು ಈ ಕಾಮ್ಚಿಬೆಕ್. ಓಟದ ದಿನ ಮಾತ್ರ ಚಿಕ್ಕಪ್ಪ ಮಗ ಇಬ್ಬರೂ ಹಾವು ಮುಂಗುಸಿ. ಊರಿಗೆ ಅದೇ ತಮಾಷೆ.

ತಿರುವಿನಲ್ಲಿ ಕುಲಾ ಎಲ್ಲರಿಗಿಂತ ಮುಂದಿತ್ತು. ನುರ್ಜಮಾಲ್ ಖುಷಿಯಲ್ಲಿ ಆ ಚಿತ್ರವನ್ನು ಅಲ್ಲೇ ಫೋನಿಗೆ ಇಳಿಸಿ, ಕುದುರೆಯ ಮುಖ, ಹುಡುಗಿಯ ಮುಖ ದೊಡ್ಡದಾಗಿ ಕಾಣಲೆಂದು ಕೆಳಗಿನ ಭಾಗ ಕತ್ತರಿಸಿ, ಊರಿನವರ ಫೋನ್ ಗುಂಪಿಗೆ ಹಾಕಿದಳು. ಚಿತ್ರ ಎಲ್ಲರ ಕೈ ಸೇರುವಷ್ಟರಲ್ಲಿ ಆಚೆ ಇಳಿಜಾರಿನಲ್ಲಿ ಬೆಗಾಯಿಮ್ ಬಿದ್ದಿದ್ದಳು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಕುದುರೆಯನ್ನು ಹಿಡಿದು ತಂದಾಗ ಜೀನು ಹೊಟ್ಟೆಯ ಕೆಳಗೆ ನೇತಾಡುತ್ತಿತ್ತು. ಬಿದ್ದ ರಭಸಕ್ಕೆ ತಿರುಗಿದೆ ಎಂದುಕೊಂಡರು. ಓಟ ಗೆದ್ದದ್ದು ಕಾಮ್ಚಿಬೆಕ್‌ನ ಕಪ್ಪು ಕುದುರೆ.

ಸಂಜೆಯ ಹೊತ್ತಿಗೆ ಯಾರೋ ಆ ಚಿತ್ರವನ್ನು ಮತ್ತೆ ನೋಡಿದ್ದರು. ಬೇಲಿಯುದ್ದಕ್ಕೂ ಇದ್ದ ಜನ ಬರೀ ಗೆರೆಗಳು. ಆ ಗೆರೆಗಳ ನಡುವೆ ಒಬ್ಬ ಮನುಷ್ಯ ಮಾತ್ರ ಮನುಷ್ಯನ ಹಾಗೆ ಕಾಣುತ್ತಿದ್ದ. ಬಿಳಿ ಗಡ್ಡ, ತೆರೆದ ಬಾಯಿ, ಮೇಲೆತ್ತಿದ ಕೈ, ಕೈಯಲ್ಲಿ ತಲೆಯಿಂದ ಕಿತ್ತ ಬಿಳಿ ಉಣ್ಣೆಯ ಟೋಪಿ. ಕಾಮ್ಚಿಬೆಕ್. ಈ ಊರಿನಲ್ಲಿ ಗಂಡಸು ಆ ಟೋಪಿಯನ್ನು ನೆಲಕ್ಕೂ ಇಡುವುದಿಲ್ಲ, ಹಾಗಿರುವಾಗ ಅದನ್ನು ಕಿತ್ತು ಬೀಸಿದ್ದಾನೆಂದರೆ ಕುದುರೆಯನ್ನು ಬೆದರಿಸಲೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು.

ಮರುದಿನ ಬೆಳಿಗ್ಗೆ ತೊಕ್ತೊಸುನ್ ನಮ್ಮ ಗೇಟಿನಲ್ಲಿ ನಿಂತ. ಆಸ್ಪತ್ರೆಯಿಂದ ನೇರ ಬಂದಿದ್ದ, ಕಣ್ಣು ಕೆಂಪಗಿದ್ದವು.

"ಅಪಾ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಸೊಸೆ ಚಿತ್ರ ತೆಗೆದಿರದಿದ್ರೆ ಆ ಮುದುಕನ ಬಂಡವಾಳ ಗೊತ್ತೇ ಆಗ್ತಿರಲಿಲ್ಲ. ಅಷ್ಟು ಜನರಲ್ಲಿ ಅವನೊಬ್ಬನೇ ಎದ್ದು ಕಾಣ್ತಾನೆ, ನೋಡಿ. ದೇವರೇ ತೋರಿಸಿದ್ದು. ಮಧ್ಯಾಹ್ನ ಹಿರಿಯರು ಕೂರ್ತಾರೆ. ಸಾಯೋವರೆಗೂ ಅವನ ಕುದುರೆ ಓಡಬಾರದು, ಅವನು ಊರವರ ಔತಣಕ್ಕೆ ಕೂರಬಾರದು. ನಾನು ಬಿಡಲ್ಲ."

"ಬಾ, ಒಂದು ಲೋಟ ಚಹಾ ಕುಡಿದು ಹೋಗು. ರಾತ್ರಿಯಿಂದ ಏನೂ ತಿಂದಿಲ್ಲ ಅನ್ನಿಸ್ತದೆ."

"ಗಂಟಲಲ್ಲಿ ಇಳಿಯಲ್ಲ ಅಪಾ" ಎಂದು ಹೊರಟ. ನುರ್ಜಮಾಲ್ ಆಗಷ್ಟೇ ಕರಿದ ಹಿಟ್ಟಿನ ತುಣುಕು, ನಮ್ಮ ಬೋರ್ಸೊಕ್‌ಗಳನ್ನು ಬಟ್ಟೆಯಲ್ಲಿ ಕಟ್ಟಿ, ಹಿಂದೆಯೇ ಓಡಿ ಅವನ ಕೈಗೆ ತುರುಕಿ ಬಂದಳು. ಬಂದವಳು ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ತೆರೆದು, ಕತ್ತರಿಸದ ಪೂರ್ತಿ ಚಿತ್ರವನ್ನು ತೆಗೆದು ಕೂತಳು. ಆಮೇಲೆ ನನ್ನನ್ನು ಕರೆದಳು.

"ಅಪಾ, ಇವರೆಲ್ಲ ತಪ್ಪು ತಿಳ್ಕೊಂಡಿದ್ದಾರೆ. ಚಿಕ್ಕಮಾವ ಚಿತ್ರದಲ್ಲಿ ಕಂಡಿದ್ದಕ್ಕೇ ಅವರೇ ತಪ್ಪು ಮಾಡಿದ್ದಾರೆ ಅಂತಿದ್ದಾರೆ. ನನ್ನ ಕ್ಯಾಮೆರಾ ಕುದುರೆ ಜೊತೆ ತಿರುಗ್ತಿತ್ತು. ನಿಂತೋರು ಯಾರೂ ಇದರಲ್ಲಿ ಕಾಣೋದಿಲ್ಲ. ಕಾಣಬೇಕಾದ್ರೆ ಕುದುರೆ ಹೋಗೋ ಕಡೆಗೇ ಓಡ್ತಿರಬೇಕು. ಚಿಕ್ಕಮಾವ ಓಡ್ತಿದ್ರು, ಅಪಾ. ಬೇಲಿ ಗುಂಟ, ಜೀವ ಬಿಟ್ಟು ಓಡ್ತಿದ್ರು. ಬೆದರಿಸೋನು ಕುದುರೆಗೆ ಅಡ್ಡ ಬರ್ತಾನೆ, ಅದರ ಜೊತೆ ಓಡ್ತಾನಾ?"

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಹಾಗಾದ್ರೆ ಹೋಗಿ ಹೇಳೋಣ, ನಡಿ" ಎಂದೆ.

ಅವಳು ಏಳಲಿಲ್ಲ. ಚಿತ್ರದ ಕೆಳಗಿನ ಭಾಗವನ್ನು ದೊಡ್ಡದು ಮಾಡಿದಳು. ಕುಲಾನ ಹೊಟ್ಟೆ. ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿ ಒಂದು ಗೇಣು ಕೆಳಗೆ ಜೋತಾಡುತ್ತಿತ್ತು. ಜೀನು ಆಗಲೇ ಒಂದು ಕಡೆ ವಾಲಿತ್ತು. ಹುಡುಗಿಯ ಎರಡೂ ಕೈ ಲಗಾಮಿನಲ್ಲಿರಲಿಲ್ಲ, ಕುದುರೆಯ ಕೇಸರದಲ್ಲಿದ್ದವು.

ಕುದುರೆ ಸಾಕುವವರ ಮನೆಯಲ್ಲಿ ಮುದಿಯಾದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀನು ಕಟ್ಟುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಅದಕ್ಕೇ ಮೊದಲು ಒಮ್ಮೆ ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ಅದು ಉಸಿರು ಬಿಟ್ಟ ಮೇಲೆ ಎರಡನೇ ಸಲ ಬಿಗಿಯುತ್ತಾರೆ. ಅಂದು ಜೀನು ಕಟ್ಟಿದವನು ಮೆದೆರ್. ನಡೆಸುತ್ತಿರುವಾಗ ಪೇಟೆಯಿಂದ ಬಂದವರು ಅವನ ಸುತ್ತ ನೆರೆದಿದ್ದರು. ಕುದುರೆಯ ವಂಶ ವಿಚಾರಿಸುತ್ತಿದ್ದರು, ಕೈ ಕುಲುಕುತ್ತಿದ್ದರು. ಅವನ ಮುಖ ಅರಳಿದ್ದನ್ನು ನೋಡಿ ನಾನೂ ಹಿಗ್ಗಿದ್ದೆ. ಅವನು ಎರಡನೇ ಸಲ ಬಿಗಿದದ್ದು ಮಾತ್ರ ನನ್ನ ನೆನಪಿಗೆ ಬರಲಿಲ್ಲ.

"ಅವನಿಗೆ ಗೊತ್ತಾ?" ಎಂದೆ.

"ಕುಲಾನ ಹಿಡಿದು ತಂದವರು ಅವರೇ. ನಿನ್ನೆಯಿಂದ ನನ್ನ ಮುಖ ನೋಡಿಲ್ಲ."

ನಾನು ಹಿತ್ತಲು ದಾಟಿ ಕಾಮ್ಚಿಬೆಕ್‌ನ ಮನೆಗೆ ಹೋದೆ. ಅವನು ಕಪ್ಪು ಕುದುರೆಯ ಕಾಲು ಉಜ್ಜುತ್ತಿದ್ದ. ಗೆದ್ದ ಕುದುರೆಗೆ ಕಟ್ಟುವ ಕೆಂಪು ರಿಬ್ಬನ್ ಕಟ್ಟಿರಲಿಲ್ಲ.

"ಪಟ್ಟಿ ಸಡಿಲ ಇದ್ದದ್ದನ್ನ ನೋಡಿ, ನಿಲ್ಲಿಸು ಅಂತ ಹುಡುಗಿಗೆ ಟೋಪಿ ಬೀಸ್ತಾ ಓಡಿದೆ ನೀನು, ಅಲ್ವಾ?"

ಅವನು ಕೈ ನಿಲ್ಲಿಸಲಿಲ್ಲ. "ನಿಮಗ್ಯಾರು ಹೇಳಿದ್ರು ಅತ್ತಿಗೆ? ಆ ಕ್ಯಾಮೆರಾನಾ? ಹಾಳಾದ್ದು, ಎಲ್ಲಾ ನೋಡ್ತದೆ."

"ಯಾಕೆ ಬಾಯಿ ಬಿಡಲಿಲ್ಲ?"

"ಏನಂತ ಬಿಡಲಿ? ಅವನಿಗೆ ಜೀನು ಕಟ್ಟೋದು ಕಲಿಸಿದವನೇ ನಾನು. ಅತ್ತಿಗೆ, ನನಗೆ ಮಂಡಿ ಹೋಗಿದೆ. ಇನ್ನೆಷ್ಟು ಓಟ ನೋಡ್ತೀನಿ? ಅವನಿನ್ನೂ ಹುಡುಗ. ಇದು ಹೊರಗೆ ಬಂದ್ರೆ ಯಾವ ತಂದೆ ಅವನ ಕುದುರೆ ಮೇಲೆ ಮಗುನ ಕೂರಿಸ್ತಾನೆ? ನನ್ನ ಬಯ್ದುಕೊಳ್ಳಲಿ ಬಿಡಿ. ಮೊದಲಿಂದಲೂ ಬಯ್ಯೋರೇ."

ನಾನು ತಾಯಿ. ಆ ಮಾತು ಕೇಳಿದಾಗ ನನ್ನ ಮನಸ್ಸು ಒಂದು ಗಳಿಗೆ ಹಗುರವಾದದ್ದು ನಿಜ. ಅದೇ ಗಳಿಗೆಯಲ್ಲಿ ಅವನ ಬರಿದಾದ ತಲೆ ಕಂಡಿತು. ಟೋಪಿ ಗೂಟದ ಮೇಲಿತ್ತು, ನಿನ್ನೆಯಿಂದ ಹಾಕಿಕೊಂಡಿರಲಿಲ್ಲ.

ಮನೆಗೆ ಬಂದು ಅವನ ಮಾತನ್ನು ಹೇಳಿದೆ. ನುರ್ಜಮಾಲ್ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಕೇಳಿದಳು. "ಮತ್ತೆ ಬೆಗಾಯಿಮ್? ತನ್ನ ಹಿಂದೆ ಓಡಿ ಬಂದವರನ್ನೇ ಬೀಳಿಸಿದವರು ಅಂದ್ಕೊಂಡು ಬೆಳೀಬೇಕಾ ಅವಳು?"

ಮಧ್ಯಾಹ್ನ ಹಿರಿಯರು ಕೂತರು. ಅಸನ್‌ಕುಲ್ ಅವರಲ್ಲಿ ದೊಡ್ಡವನು, ಕಿವಿ ಸ್ವಲ್ಪ ಮಂದ. ಗೋಡೆಯ ಬದಿಯ ಬೆಂಚಿನಲ್ಲಿ ಮೆದೆರ್ ತಲೆ ತಗ್ಗಿಸಿ ಕೂತಿದ್ದ. ನಾವು ಹೆಂಗಸರು ಬಾಗಿಲ ಹತ್ತಿರ.

"ಕಾಮ್ಚಿಬೆಕ್, ಟೋಪಿ ಬೀಸಿದ್ದು ನೀನೇ ತಾನೇ?" ಎಂದು ಆ ಹಿರಿಯ ಕೇಳಿದ.

"ನಾನೇ."

"ಯಾಕಪ್ಪಾ?"

"ಕೈ ಎದ್ದುಬಿಡ್ತು."

"ಕೇಳಿ, ಕೇಳಿ!" ತೊಕ್ತೊಸುನ್ ಎದ್ದು ನಿಂತ. "ನನ್ನ ಮಗಳ ಕಾಲು ಮುರಿದುಬಿಡ್ತು, ಇವನ ಕೈ ಎದ್ದುಬಿಡ್ತು!"

"ಅಜ್ಜಾ, ನಾನೊಂದು ಮಾತು ಹೇಳಬೇಕು" ಎಂದಳು ನುರ್ಜಮಾಲ್. ಕಂಪ್ಯೂಟರನ್ನು ಎದೆಗೊತ್ತಿಕೊಂಡು ನಡುವೆ ಹೋಗಿ, ಬೇಲಿಯ ಭಾಗವನ್ನಷ್ಟೇ ದೊಡ್ಡದು ಮಾಡಿ ತೆರೆದಳು. "ತೊಕ್ತೊಸುನ್ ಅಣ್ಣಾ, ನೀವೂ ಬೇಲಿ ಹತ್ತಿರಾನೇ ಇದ್ರಿ. ಇದರಲ್ಲಿ ನೀವೆಲ್ಲಿದ್ದೀರಿ ತೋರಿಸಿ."

ಅವನು ಬಗ್ಗಿ ಹುಡುಕಿದ. ಪಕ್ಕದವನು ಒಂದು ಬೂದು ಪಟ್ಟೆಯ ಮೇಲೆ ಬೆರಳಿಟ್ಟು, "ಇದೇ ನೀನು, ನಿನ್ನ ಹೊಟ್ಟೆ ಮಾತ್ರ ಉಳಿದಿದೆ" ಎಂದ. ಯಾರೋ ನಕ್ಕರು.

"ನೀವು ಅಳಿಸಿಹೋಗಿದ್ದೀರಿ, ಯಾಕಂದ್ರೆ ನೀವು ನಿಂತಿದ್ರಿ. ನಿಂತೋರೆಲ್ಲ ಅಳಿಸಿಹೋಗಿದ್ದಾರೆ. ಇವರ ಕಾಲು ನೋಡಿ, ಬರೀ ಮಂಜು. ಮೇಲೆ ಮುಖ, ಕೈ ಗುರುತು ಸಿಗ್ತದೆ. ಓಡ್ತಿದ್ರೆ ಮಾತ್ರ ಹೀಗೆ ಬರೋದು. ಕುದುರೆ ಹೋಗೋ ಕಡೆಗೇ ಓಡ್ತಿದ್ರು ಇವರು."

"ಇವರು ಅಂದ್ರೆ ಯಾರು? ಹೆಸರು ಹೇಳು, ಕೇಳಿಸಲ್ಲ" ಎಂದ ಅಸನ್‌ಕುಲ್.

ಅವಳು ತುಟಿ ಕಚ್ಚಿದಳು. ಗಂಡನ ಕಡೆಯ ಹಿರಿಯರ ಹೆಸರನ್ನು ನಮ್ಮ ಸೊಸೆಯಂದಿರು ಬಾಯಲ್ಲಿ ಆಡುವುದಿಲ್ಲ.

"ಸೊಸೆ ಬಾಯಲ್ಲಿ ಮಾವನ ಹೆಸರು ಹೊರಡಿಸ್ತೀಯೇನೋ ಮುದುಕಾ?" ಎಂದೆ ನಾನು ಬಾಗಿಲಿಂದ. "ಕಾಮ್ಚಿಬೆಕ್ ಓಡ್ತಿದ್ದ."

"ಆ ಮಂಡಿ ಇಟ್ಕೊಂಡು?" ಅಸನ್‌ಕುಲ್ ಕಾಮ್ಚಿಬೆಕ್‌ನನ್ನು ನೋಡಿದ. "ಯಾಕೆ ಓಡಿದ್ಯಪ್ಪಾ?"

"ಸಾಕು ಸೊಸೆ, ಅದನ್ನ ಮುಚ್ಚು" ಎಂದ ಕಾಮ್ಚಿಬೆಕ್. ಗದರಿದ ಹಾಗಿರಲಿಲ್ಲ, ಬೇಡಿಕೊಂಡ ಹಾಗಿತ್ತು.

ಅವಳು ಮುಚ್ಚಲಿಲ್ಲ. ಕುಲಾನ ಹೊಟ್ಟೆಯ ಭಾಗ ದೊಡ್ಡದು ಮಾಡಿದಳು, ಹಿರಿಯರ ಮುಂದೆ ಮಾತ್ರ ಇಡಲಿಲ್ಲ. ನಡೆದುಹೋಗಿ ಗಂಡನ ತೊಡೆಯ ಮೇಲಿಟ್ಟು, "ಇದನ್ನ ನೀವೇ ನೋಡಿ ಹೇಳಿ" ಎಂದಳು. ಹೇಳಿ ಅವನ ಪಕ್ಕದಲ್ಲೇ, ಗಂಡಸರ ಬೆಂಚಿನಲ್ಲೇ ಕೂತುಬಿಟ್ಟಳು. ಯಾರೂ ಏಳೆನ್ನಲಿಲ್ಲ.

ಮೆದೆರ್ ನೋಡುತ್ತಲೇ ಇದ್ದ. ಅವನು ಸುಮ್ಮನಿದ್ದುಬಿಡುತ್ತಾನೆಂದು ನನಗೆ ಭಯವಾಯಿತು, ಹೇಳಿಬಿಡುತ್ತಾನೆಂದೂ ಭಯವಾಯಿತು.

"ಎರಡನೇ ಸಲ ಬಿಗಿಯಲಿಲ್ಲ" ಎಂದ ಕೊನೆಗೆ. "ಜೀನಿನ ಪಟ್ಟಿ. ನಾನೇ ಕಟ್ಟಿದ್ದು, ನಾನೇ ಮರೆತದ್ದು. ಕುದುರೆ ಹಿಡಿದಾಗಲೇ ಗೊತ್ತಾಯ್ತು. ಚಿಕ್ಕಪ್ಪನ ಮೇಲೆ ಮಾತು ಬಂದಾಗ... ಸುಮ್ನಿದ್ದೆ."

ತೊಕ್ತೊಸುನ್ ಹೊಡೆಯುತ್ತಾನೆಂದುಕೊಂಡೆ. ಅವನು ಹೊಡೆಯಲಿಲ್ಲ. ಕಾಮ್ಚಿಬೆಕ್‌ನ ಹತ್ತಿರ ಹೋಗಿ ಅವನ ಭುಜ ಮುಟ್ಟಿ ಹೊರಗೆ ಹೋದ. ಮೆದೆರ್‌ನನ್ನು ದಾಟುವಾಗ ಮಾತ್ರ, "ನನ್ನ ಹೊಸ್ತಿಲು ತುಳೀಬೇಡ" ಎಂದ. ಹಿರಿಯರು ಕಾಮ್ಚಿಬೆಕ್‌ನ ಮೇಲೆ ತಪ್ಪಿಲ್ಲವೆಂದರು. ಹುಡುಗಿ ನಡೆಯುವವರೆಗೂ ಕುಲಾ ಓಡಬಾರದೆಂದರು. ಅವಳು ನಡೆಯುತ್ತಾಳೋ ಇಲ್ಲವೋ ವೈದ್ಯರು ಇನ್ನೂ ಹೇಳಿರಲಿಲ್ಲ.

ಹಿಂದಿರುಗುವಾಗ ಕಾಮ್ಚಿಬೆಕ್ ಸೊಸೆಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ತನ್ನ ಮನೆಯ ತಿರುವು ಬಂದಾಗ ನಿಂತ.

"ನನ್ನ ಬೆನ್ನು ಗಟ್ಟಿ ಇತ್ತಮ್ಮಾ. ಹೊತ್ಕೊಳ್ತಿದ್ದೆ."

"ಗೊತ್ತು ಚಿಕ್ಕಮಾವ. ಹೊತ್ಕೊಂಡೇ ಬಿಡ್ತೀರಿ ಅಂತಾನೇ ಭಯ ಆಯ್ತು" ಎಂದಳು ನುರ್ಜಮಾಲ್, ಅಳುತ್ತ.

ಅವನು ಒಪ್ಪಿದನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಕುಂಟುತ್ತ ಒಳಗೆ ಹೋದ.

ಮೆದೆರ್ ನಮ್ಮ ಜೊತೆ ಬರಲಿಲ್ಲ. ತೊಕ್ತೊಸುನ್‌ನ ಮನೆಯ ಗೇಟಿನೆದುರು ಹೋಗಿ ನಿಂತ. ಹೊಸ್ತಿಲು ತುಳೀಬೇಡ ಎಂದಿದ್ದರೂ ನಿಂತ. ಬಾಗಿಲು ತೆರೆಯಲಿಲ್ಲ. ಅವರ ನಾಯಿ ಗೇಟಿನ ಕೆಳಗೆ ಮೂತಿ ತೂರಿಸಿ ಅವನ ಕಾಲಿಗೆ ಎಗರುತ್ತಿತ್ತು. ಅವನು ಹಿಂದೆ ಸರಿಯಲಿಲ್ಲ. ನಾನು ನಮ್ಮ ಅಂಗಳದಿಂದ ನೋಡುತ್ತಿದ್ದೆ, ಕರೆಯುವ ಧೈರ್ಯ ಬರಲಿಲ್ಲ. ಸ್ವಲ್ಪ ಹೊತ್ತಿಗೆ ತೊಕ್ತೊಸುನ್‌ನ ಹೆಂಡತಿ ಬುರುಲ್ ಹೊರಗೆ ಬಂದಳು. ಅತ್ತು ಅವಳ ಮುಖ ಊದಿತ್ತು. ಮೆದೆರ್‌ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾಯಿಯ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋಗಿ ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿ, ಒಳಗೆ ಹೋದಳು.