ಹಳ್ಳ ಹಿಡಿದು ಹೋದ ಕೋಲು

ನಾನು ಒಂದು ಜಾಲಿಯ ಕೋಲು. ಘಟಪ್ರಭೆಯ ಕಂದರದ ಅಂಚಿನಲ್ಲಿ ಆಡು ಕಾಯುತ್ತಿದ್ದ ಯಮನಪ್ಪ ನನ್ನನ್ನು ಕಡಿದು, ಮೂರು ದಿನ ಕೂತು ಹೆರೆದು, ಹಿಡಿಯ ಹತ್ತಿರ ತನ್ನ ಹೆಬ್ಬೆರಳು ಕೂರುವಷ್ಟು ಗುಳಿ ಮಾಡಿದ. ಹತ್ತು ವರ್ಷ ಅವನೊಂದಿಗೆ ಆ ಕಲ್ಲುದಾರಿಯನ್ನೆಲ್ಲ ತಿರುಗಿದೆ. ಅವನು ತೀರಿಕೊಂಡ ಮೇಲೆ ಹೆಂಡತಿ ನೀಲವ್ವ ಕಂದರಕ್ಕೆ ಇಳಿಯುವಲ್ಲಿ ಚಹಾದಂಗಡಿ ಇಟ್ಟಳು. ಮಂಡಿನೋವಿನವರು ಬಂದರೆ ನನ್ನನ್ನು ಕೊಡುತ್ತಿದ್ದಳು, ತಿರುಗಿ ತಂದುಕೊಡಬೇಕೆಂದು ಹೇಳಿ.

ಅಲ್ಲಿಂದ ನನ್ನ ಗೋಳು ಶುರು. ಒಬ್ಬ ನನ್ನಿಂದ ನೆಲ್ಲಿಕಾಯಿ ಉದುರಿಸಿದ. ಒಬ್ಬಳು ನನ್ನ ತುದಿಗೆ ಫೋನು ಕಟ್ಟಿ ದಾರಿಯುದ್ದಕ್ಕೂ ತನ್ನ ಮುಖವನ್ನೇ ತೆಗೆದುಕೊಂಡಳು. ಆದರೆ ಮೈಸೂರಿನ ವರದರಾಜಯ್ಯನವರಷ್ಟು ನನ್ನ ಜೀವ ಹಿಂಡಿದವರು ಯಾರೂ ಇಲ್ಲ.

ದೀಪಾವಳಿ ಕಳೆದ ವಾರ ಅದು. ಹುಲ್ಲು ಹಳದಿಗೆ ತಿರುಗಿತ್ತು, ಆಕಾಶ ತಿಳಿಯಾಗಿತ್ತು. ಅವರ ಹೆಂಡತಿ ಪದ್ಮಾಕ್ಷಿಗೆ ಮಂಡಿಯ ಆಪರೇಷನ್ ಆಗಿ ಎಂಟು ತಿಂಗಳು. ಅಷ್ಟೂ ದಿನ ಮಂಚ, ಕುರ್ಚಿ, ಕಿಟಕಿ. ತನ್ನ ಕಾಲಲ್ಲೇ ಕಂದರದ ತಳಕ್ಕೆ ನಡೆದು ಹೊಳೆಯ ನೀರು ಮುಟ್ಟಬೇಕೆಂಬುದೊಂದೇ ಆಕೆಯ ಆಸೆ. ನೀಲವ್ವ ನನ್ನನ್ನು ಆಕೆಯ ಕೈಗಿಟ್ಟಳು.

“ಸುಮ್ನ ಹಳ್ಳಾ ಹಿಡದು ಹೋಗ್ರಿ ಅಕ್ಕಾರ.”

ವರದರಾಜಯ್ಯನವರ ಮುಖ ಕೆಂಪಾಯಿತು. “ಕೇಳಿದ್ಯಾ? ಟೀ ಪಾಯಸದ ಥರ ಇದೆ ಅಂದಿದ್ದಕ್ಕೆ ಹಾಳಾಗಿ ಹೋಗಿ ಅಂತಾಳೆ.”

ನಮ್ಮ ಸೀಮೆಯಲ್ಲಿ ಹಳ್ಳವೆಂದರೆ ತೊರೆ. ಹಳ್ಳ ಹಿಡಿದು ಹೋಗುವುದೆಂದರೆ ಅದರ ದಂಡೆಗುಂಟ ನಡೆಯುವುದು. ಅವರ ಸೀಮೆಯಲ್ಲಿ ಕೆಟ್ಟುಹೋದ ಕೆಲಸ ಹಳ್ಳ ಹಿಡಿಯುತ್ತದಂತೆ. ಇದನ್ನು ಹೇಳೋಣವೆಂದರೆ ನನಗೆ ಬಾಯಿಲ್ಲ.

ಅವರು ಹೆಂಡತಿಯ ಕೈಯಿಂದ ನನ್ನನ್ನು ಕಿತ್ತುಕೊಂಡು, ಹಳ್ಳಕ್ಕೆ ಬೆನ್ನು ಹಾಕಿ, ಆಡುಗಳ ದಾರಿ ಹತ್ತಿದರು. ಆ ದಾರಿ ಎಲ್ಲಿಗೂ ಹೋಗುವುದಿಲ್ಲ. ನನಗೆ ಗೊತ್ತು, ಆಡುಗಳಿಗೂ ಗೊತ್ತು. ಅವರು ನನ್ನನ್ನು ಗಾಳಿಯಲ್ಲಿ ಬೀಸುತ್ತ ಈ ಬಂಡೆ, ಆ ಹದ್ದು ಎಂದು ತೋರಿಸುತ್ತ ನಡೆದರು. ಪದ್ಮಾಕ್ಷಿ ಹಿಂದೆ ಗಿಡಗಳನ್ನು ಹಿಡಿದು ಏದುಸಿರು ಬಿಡುತ್ತ ಬಂದರು. ಮಧ್ಯಾಹ್ನದ ಹೊತ್ತಿಗೆ ದಾರಿ ಕಡಿದಾದ ಬಂಡೆಯ ತುದಿಯಲ್ಲಿ ಮುಗಿಯಿತು. ಕೆಳಗೆ, ಬಹಳ ಕೆಳಗೆ, ಹೊಳೆ ಮಿನುಗುತ್ತಿತ್ತು.

“ಇಲ್ಲಿಂದ್ಲೇ ನೋಡಿದ್ರಾಯ್ತು ಬಿಡು. ಎಷ್ಟು ಚೆನ್ನಾಗಿ ಕಾಣುತ್ತೆ.”

“ಎಂಟು ತಿಂಗಳು ಕಿಟಕಿಯಿಂದ ನೋಡಿದ್ದು ಸಾಲ್ದೇನ್ರಿ? ಆ ಕೋಲು ಕೊಡಿ ಇಲ್ಲಿ.”

ಯಮನಪ್ಪನ ಗುಳಿಯಲ್ಲಿ ಆಕೆಯ ಹೆಬ್ಬೆರಳು ಕೂತಾಗ ನನಗೆ ನಿಜವಾಗಿ ಜೀವ ಬಂತು. ಬಂದ ದಾರಿಯಲ್ಲೇ ಇಳಿದೆವು. ಅರ್ಧ ದಾರಿಯಲ್ಲಿ ಆಕೆ ನಿಂತು ಕಿವಿಗೊಟ್ಟರು. “ನೀರಿನ ಸದ್ದು ಕಣ್ರೀ. ಆಯಮ್ಮ ಹಳ್ಳ ಅಂದಿದ್ದು ಇದಕ್ಕೇ ಇರ್ಬೇಕು.”

ಅಲ್ಲಿಂದ ಹಳ್ಳ ಹಿಡಿದೇ ಹೋದೆವು. ಕೊನೆಯ ಇಳಿಜಾರಿನಲ್ಲಿ ವರದರಾಜಯ್ಯ ಜಾರಿ, ಹೆಂಡತಿ ಊರಿದ್ದ ನನ್ನನ್ನೇ ತಬ್ಬಿಕೊಂಡರು. ಅವರು ಉಳಿದರು, ನಾನು ಗುಳಿಯ ನೇರಕ್ಕೆ ಸೀಳಿಹೋದೆ. ಪದ್ಮಾಕ್ಷಿ ಸೀರೆ ಎತ್ತಿಕಟ್ಟಿ ಹೊಳೆಗೆ ಕಾಲಿಟ್ಟು ನಿಂತರು.

ಸಂಜೆ ವರದರಾಜಯ್ಯ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಅಂಗಡಿಯ ಮುಂದೆ ತಲೆ ತಗ್ಗಿಸಿದರು. ನೀಲವ್ವ ಸೀಳಿನ ಮೇಲೆ ಬೆರಳಾಡಿಸಿದಳು.

“ಅಕ್ಕಾರು ನೀರು ಮುಟ್ಟಿದ್ರೇನ್ರಿ?”

“ಮುಟ್ಟಿದೆ ಕಣಮ್ಮ,” ಎಂದರು ಹಿಂದೆ ನಿಂತಿದ್ದ ಪದ್ಮಾಕ್ಷಿ.

“ಹಂಗಾರ ಇರ್ಲಿ ಬಿಡ್ರಿ.”

ಈಗ ಬಂದವರ ಕೈಗೆ ಬಿದಿರು ಕೋಲು ಹೋಗುತ್ತದೆ. ನಾನು ಒಲೆಯ ಹಿಂದಿನ ಮೂಲೆಯಲ್ಲಿ ಬಟ್ಟೆ ಸುತ್ತಿಸಿಕೊಂಡು ನಿಂತಿದ್ದೇನೆ. ನೀಲವ್ವ ಇವತ್ತಿಗೂ ಎಲ್ಲರಿಗೂ ಅದೇ ಹಳ್ಳ ಹಿಡಿಸುತ್ತಾಳೆ, ತೆಂಕಣದವರ ಮುಖ ಗಂಟಾಗುತ್ತದೆ, ನಾನು ಮೂಲೆಯಲ್ಲೇ ಕುದಿಯುತ್ತೇನೆ. ಗಿರಾಕಿಗಳಿಲ್ಲದಾಗ ಅವಳು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಯಮನಪ್ಪನ ಗುಳಿಯಲ್ಲಿ ಹೆಬ್ಬೆರಳು ಇಡುತ್ತಾಳೆ. ಸುತ್ತ ಜಾಗ ಉಳಿಯುತ್ತದೆ. ಅವನ ಬೆರಳು ದಪ್ಪವಿತ್ತು.